ಒಂದೇ ಹಂಗಾಮಿನಲ್ಲಿ ಮೂರು ಬೇರಿಂಗ್: ತಪ್ಪು ಮೆಕ್ಯಾನಿಕಲ್‌ದೋ, ಎಲೆಕ್ಟ್ರಿಕಲ್‌ದೋ?

ಪ್ರಶ್ನೆ: ಮೆಕ್ಯಾನಿಕಲ್ ಬಿ.ಇ. ಮುಗಿಸಿ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದೇನೆ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ. ಹೋದ ವರ್ಷ ಬಾಯ್ಲರಿನ ಹೊಗೆ ಎಳೆಯುವ ಐಡಿ ಫ್ಯಾನಿಗೆ, ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಹಾಕಿದರು. ಮೋಟರ್ 132 ಕಿಲೋವ್ಯಾಟ್, 6 ಪೋಲ್, ಎರಡೂ ಕಡೆ 6319 ಸಿ3 ಬೇರಿಂಗ್. ಈ ಹಂಗಾಮಿನಲ್ಲಿ ಆ ಮೋಟರಿನ ಬೇರಿಂಗ್ ಮೂರು ಸಲ ಹೋಯಿತು. ಎರಡು ಸಲ ಹಿಂಬದಿಯದು, ಒಮ್ಮೆ ಕಪ್ಲಿಂಗ್ ಕಡೆಯದು. ಫ್ಯಾನಿನ ಶಾಫ್ಟನ್ನು ಹೊತ್ತಿರುವ ಪ್ಲಮರ್ ಬ್ಲಾಕ್ ಬೇರಿಂಗುಗಳಿಗೆ ಏನೂ ಆಗಿಲ್ಲ. ಎಲೆಕ್ಟ್ರಿಕಲ್‌ನವರು ಫ್ಯಾನ್ ಬ್ಯಾಲೆನ್ಸ್ ಸರಿಯಿಲ್ಲ ಅಂತಾರೆ, ನಮ್ಮ ಫಿಟ್ಟರ್‌ಗಳು ಡ್ರೈವ್ ಬಂದ ಮೇಲೇ ಈ ಕಾಟ, ಅದನ್ನು ಕಿತ್ತು ಹಾಕಿ ಅಂತಾರೆ. ಮ್ಯಾನೇಜರ್ ‘ಇನ್ನು ಮೇಲೆ ಎರಡೂ ನೀನೇ ನೋಡ್ಕೋ’ ಎಂದಿದ್ದಾರೆ. ನನಗೆ ಎಲೆಕ್ಟ್ರಿಕಲ್ ಅಷ್ಟಾಗಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಜೊತೆಗೆ ಓದಿದವರೆಲ್ಲ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ಗೆ ಹೋದರು. ಈ ಕೆಲಸದಲ್ಲಿ ಮುಂದೆ ದಾರಿ ಇದೆಯೇ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ಆ ಮೂರು ಹಳೆ ಬೇರಿಂಗುಗಳು ಈಗ ಎಲ್ಲಿವೆ?

ಗುಜರಿಗೆ ಹಾಕಿದ್ದರೆ ಇವತ್ತೇ ಹೋಗಿ ಹುಡುಕಿ ತನ್ನಿ. ಒಂದು ಸಿಕ್ಕರೂ ಸಾಕು. ನಿಮ್ಮ ಎರಡು ವಿಭಾಗಗಳ ಜಗಳ ತೀರಬೇಕಾದ್ದು ಮೀಟಿಂಗ್ ಕೋಣೆಯಲ್ಲಿ ಅಲ್ಲ, ಆ ಬೇರಿಂಗಿನ ಒಳಮೈ ಮೇಲೆ. ನಮ್ಮ ಕಾರ್ಖಾನೆಗಳಲ್ಲಿ ನನಗೆ ತುಂಬಾ ನೋವು ಕೊಡುವ ಸಂಗತಿ ಇದು. ಹೊಸ ಬೇರಿಂಗ್ ಪ್ಯಾಕೆಟ್ ಒಡೆಯುವಾಗ ಇರುವ ಜಾಗ್ರತೆ, ಹಳೆಯದನ್ನು ಬಿಚ್ಚುವಾಗ ಇರುವುದಿಲ್ಲ. ಗ್ಯಾಸ್ ಕಟ್ಟರ್ ಹಿಡಿದು ಕೊಯ್ದು, ಮೂಲೆಗೆ ಎಸೆದು, ರಾತ್ರಿ ಪಾಳಿ ಮುಗಿಯುವುದರೊಳಗೆ ಮೋಟರ್ ಓಡಿಸಿದರೆ ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಅದು ಯಾಕೆ ಹೋಯಿತು ಎಂದು ಹೇಳಬಲ್ಲ ಒಂದೇ ಒಂದು ಸಾಕ್ಷಿ ಅಷ್ಟರಲ್ಲಿ ಸುಟ್ಟಿರುತ್ತದೆ.

ಬಿಚ್ಚುವ ಕ್ರಮ ಹೇಳುತ್ತೇನೆ. ಪುಲ್ಲರ್ ಹಾಕಿ ತೆಗೆಯಿರಿ, ಬೆಂಕಿ ಬೇಡ. ತೆಗೆಯುವ ಮುನ್ನ ಔಟರ್ ರಿಂಗಿನ ಮೇಲೆ ‘ಮೇಲ್ಭಾಗ’ ಎಂದೂ, ಯಾವ ಮುಖ ಮೋಟರಿನ ಒಳಗಡೆ ಇತ್ತೆಂದೂ ಪೇಂಟ್ ಮಾರ್ಕರಿನಲ್ಲಿ ಗುರುತು ಹಾಕಿ. ಗ್ರೀಸನ್ನು ತೊಳೆದುಬಿಡುವ ಮೊದಲು ಒಂದು ಚಿಟಿಕೆ ಬಿಳಿ ಕಾಗದದ ಮೇಲೆ ಸವರಿ ನೋಡಿ. ನಂತರ ಗುಂಡುಗಳನ್ನು ಹಿಡಿದಿಡುವ ಕೇಜಿನ ರಿವೆಟ್‌ಗಳನ್ನು ಕತ್ತರಿಸಿ ಕೇಜ್ ತೆಗೆದು, ಗುಂಡುಗಳನ್ನೆಲ್ಲ ಒಂದೇ ಬದಿಗೆ ಕೂಡಿಸಿದರೆ ಇನ್ನರ್ ರಿಂಗ್ ತಾನಾಗಿ ಸಡಿಲಾಗಿ ಹೊರಗೆ ಬರುತ್ತದೆ. ಗುಂಡು ಓಡುವ ದಾರಿಗೆ, ಅಂದರೆ ರೇಸಿಗೆ, ಒಂದು ಗೀರೂ ಬೀಳುವುದಿಲ್ಲ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ವೇಸ್ಟಿನಿಂದ ಒರೆಸಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ.

ಗುಂಡು ಓಡುವ ದಾರಿಯ ಅಡ್ಡಕ್ಕೆ, ರೇಸಿನ ಸುತ್ತಲೂ, ಒತ್ತೊತ್ತಾಗಿ, ಸರಿ ಅಂತರದಲ್ಲಿ ಬೂದು ಬಣ್ಣದ ಗೆರೆಗಳು ಕಾಣುತ್ತಿವೆಯೇ? ಉಗುರು ಆಡಿಸಿದರೆ ಬಟ್ಟೆ ಒಗೆಯುವ ಗೆರೆಕಲ್ಲಿನ ಹಾಗೆ ತಡೆಯುತ್ತದೆಯೇ? ಗುಂಡುಗಳ ಹೊಳಪು ಹೋಗಿ ಮಂಕಾಗಿವೆಯೇ? ಗ್ರೀಸ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆಯೇ? ಹಾಗಿದ್ದರೆ ಬೇರಿಂಗ್ ಮೂಲಕ ಕರೆಂಟ್ ಹರಿದಿದೆ. ಇದನ್ನು ಫ್ಲೂಟಿಂಗ್ ಅನ್ನುತ್ತಾರೆ. ಬ್ಯಾಲೆನ್ಸ್ ತಪ್ಪಿದ ಫ್ಯಾನ್ ಎಷ್ಟೇ ಕುಣಿದರೂ ಈ ಗೆರೆ ಮೂಡಿಸಲಾರದು.

ಬೇರೆ ಕಾರಣಗಳ ಗುರುತು ಬೇರೆಯೇ. ಲೋಡಿನಿಂದ ದಣಿದು ಹೋದ ಬೇರಿಂಗಿನಲ್ಲಿ ಔಟರ್ ರೇಸಿನ ಕೆಳಭಾಗದಲ್ಲಿ ಮಾತ್ರ ಲೋಹ ಚಕ್ಕೆ ಎದ್ದಿರುತ್ತದೆ. ಮೇಲ್ಭಾಗದ ಗುರುತು ಹಾಕಿ ಎಂದದ್ದು ಇದಕ್ಕೇ. ತಿರುಗುವ ಭಾಗದ ಬ್ಯಾಲೆನ್ಸ್ ತಪ್ಪಿದ್ದರೆ ಆ ಬಲ ಶಾಫ್ಟಿನ ಜೊತೆಗೇ ಸುತ್ತುತ್ತದೆ, ಹಾಗಾಗಿ ಔಟರ್ ರೇಸಿನ ಸುತ್ತಲೂ ಸವೆತ, ಇನ್ನರ್ ರೇಸಿನಲ್ಲಿ ಒಂದೇ ಕಡೆ ಸವೆತ. ಮೋಟರ್, ಫ್ಯಾನ್ ಶಾಫ್ಟುಗಳು ಒಂದೇ ನೇರದಲ್ಲಿಲ್ಲದೆ ಅಲೈನ್‌ಮೆಂಟ್ ಕೆಟ್ಟಿದ್ದರೆ ಗುಂಡಿನ ಹಾದಿ ಔಟರ್ ರೇಸಿನಲ್ಲಿ ಓರೆಯಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿದಿರುತ್ತದೆ. ನೀಲಿ, ಕಂದು ಬಣ್ಣ ಬಂದಿದ್ದರೆ ಮಿತಿ ಮೀರಿ ಕಾದಿದೆ. ಗುಂಡು ಗುಂಡಿನ ನಡುವಿನ ಅಂತರಕ್ಕೆ ಸರಿಯಾಗಿ ಬಿಡಿಬಿಡಿ ಕುಳಿ ಬಿದ್ದಿದ್ದರೆ ಮೋಟರ್ ನಿಂತಲ್ಲೇ ನಡುಗಿ ಕೆಟ್ಟಿದ್ದು. ಈ ಕೊನೆಯದು ಸಕ್ಕರೆ ಕಾರ್ಖಾನೆಯಲ್ಲಿ ಸಾಮಾನ್ಯ, ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಬೇರಿಂಗ್ ನಾನು ನೋಡಿಲ್ಲ. ಆದರೂ ನೀವೇ ಬರೆದಿರುವ ವಿವರಗಳು ಒಂದೇ ದಿಕ್ಕು ತೋರಿಸುತ್ತಿವೆ. ಹಂಗಾಮು 150 ದಿನ ನಡೆದರೂ ಒಟ್ಟು 3,600 ಗಂಟೆ. ಈ ಗಾತ್ರದ ಮೋಟರ್ ಬೇರಿಂಗ್ ನೇರ ಕಪ್ಲಿಂಗಿನಲ್ಲಿ ಹತ್ತಾರು ಸಾವಿರ ಗಂಟೆ ಓಡಬೇಕು. ಮೂರು ಸಲ ಹೋದದ್ದನ್ನು ‘ಬೇರಿಂಗ್ ಆಯುಸ್ಸು ಮುಗಿಯಿತು’ ಎಂದು ಬರೆಯಲಾಗದು. ಎರಡನೆಯದು, ಫ್ಯಾನಿನ ಬ್ಯಾಲೆನ್ಸ್ ಕೆಟ್ಟಿದ್ದರೆ ಮೊದಲ ಪೆಟ್ಟು ತಿನ್ನಬೇಕಾದ್ದು ಫ್ಯಾನನ್ನೇ ಹೊತ್ತಿರುವ ಪ್ಲಮರ್ ಬ್ಲಾಕುಗಳು. ಅವು ಗಟ್ಟಿಯಾಗಿವೆ. ಮೂರನೆಯದು, ಮೂರರಲ್ಲಿ ಎರಡು ಸಲ ಹೋದದ್ದು ಹಿಂಬದಿಯದು. ಅಲ್ಲಿ ಕಪ್ಲಿಂಗಿನ ಎಳೆತವಿಲ್ಲ, ರೋಟರಿನ ಪಾಲು ಭಾರ ಮಾತ್ರ. ಹಗುರ ಕೆಲಸದ ಬೇರಿಂಗೇ ಮೊದಲು ಸಾಯುತ್ತಿದ್ದರೆ ಕಾರಣ ಭಾರವಲ್ಲ. ನಾಲ್ಕನೆಯದು ನಿಮ್ಮ ಫಿಟ್ಟರ್‌ಗಳೇ ಹೇಳಿದ್ದು: ಡ್ರೈವ್ ಬರುವ ಮೊದಲು ಈ ಕಾಟ ಇರಲಿಲ್ಲ.

ಡ್ರೈವ್ ಬಂದರೆ ಬೇರಿಂಗಿನಲ್ಲಿ ಕರೆಂಟ್ ಯಾಕೆ ಬರುತ್ತದೆ? ಮೂರು ಫೇಸಿನ ಮಾಮೂಲಿ ಸಪ್ಲೈಯಲ್ಲಿ ಯಾವ ಕ್ಷಣದಲ್ಲೂ ಮೂರರ ವೋಲ್ಟೇಜ್ ಕೂಡಿಸಿದರೆ ಸೊನ್ನೆ ಬರುತ್ತದೆ. ಡ್ರೈವ್ ಹಾಗೆ ಮಾಡುವುದಿಲ್ಲ. ಅದು ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಎಸಿಯ ರೂಪ ಕೊಡುತ್ತದೆ. ಕತ್ತರಿಸಿದ ಚೌಕ ತುಣುಕುಗಳ ಮೊತ್ತ ಸೊನ್ನೆಯಾಗುವುದಿಲ್ಲ. ಆ ಉಳಿಕೆ ವೋಲ್ಟೇಜ್ ವೈಂಡಿಂಗಿನಿಂದ ಗಾಳಿಯ ಸಂದು ದಾಟಿ ರೋಟರಿಗೆ, ರೋಟರಿನಿಂದ ಶಾಫ್ಟಿಗೆ ಏರುತ್ತದೆ. ಶಾಫ್ಟ್ ಮತ್ತು ಬಾಡಿಯ ನಡುವೆ ಇರುವುದು ಗ್ರೀಸಿನ ತೆಳು ಪೊರೆ ಮಾತ್ರ. ವೋಲ್ಟೇಜ್ ಏರಿದಾಗ ಆ ಪೊರೆ ಒಡೆದು ಕಿಡಿ ಹಾರುತ್ತದೆ. ಕಿಡಿ ಬಿದ್ದಲ್ಲಿ ಉಕ್ಕು ಕರಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಯಾಗುತ್ತದೆ. ಕೋಟಿಗಟ್ಟಲೆ ಕುಳಿ ಬಿದ್ದ ಮೇಲೆ ಗುಂಡು ಅವುಗಳ ಮೇಲೆ ಕುಣಿಯುತ್ತಾ ಗೆರೆ ಕೊರೆಯುತ್ತದೆ. ನಿಮ್ಮಂಥ ದೊಡ್ಡ ಮೋಟರಿನಲ್ಲಿ ಇನ್ನೊಂದು ದಾರಿಯೂ ಇದೆ: ಶಾಫ್ಟ್, ಒಂದು ಬೇರಿಂಗ್, ಬಾಡಿ, ಇನ್ನೊಂದು ಬೇರಿಂಗ್, ಮತ್ತೆ ಶಾಫ್ಟ್, ಹೀಗೆ ಸುತ್ತು ಹೊಡೆಯುವ ಕರೆಂಟ್.

ಪರಿಹಾರವೂ ಈ ಎರಡು ದಾರಿಗಳನ್ನು ನೋಡಿಯೇ ಆಗಬೇಕು. ಹಿಂಬದಿಗೆ ಇನ್ಸುಲೇಟೆಡ್ ಬೇರಿಂಗ್ ಹಾಕಿದರೆ ಸುತ್ತು ಕರೆಂಟಿನ ದಾರಿ ಕಡಿಯುತ್ತದೆ. ನೋಡಲು ಮಾಮೂಲಿ 6319ರ ಹಾಗೇ ಇರುತ್ತದೆ, ಅಳತೆಯೂ ಅದೇ, ಔಟರ್ ರಿಂಗಿನ ಹೊರಮೈಗೆ ಸೆರಾಮಿಕ್ ಲೇಪ ಇರುತ್ತದೆ. ಎಸ್‌ಕೆಎಫ್‌ನಲ್ಲಾದರೆ ನಂಬರಿನ ಕೊನೆಗೆ ‘ವಿಎಲ್ 0241’ ಎಂದಿರುತ್ತದೆ, ಬೇರೆ ಕಂಪನಿಗಳಲ್ಲೂ ಸಿಗುತ್ತದೆ. ಕಪ್ಲಿಂಗ್ ಕಡೆ ಶಾಫ್ಟಿಗೆ ಗ್ರೌಂಡಿಂಗ್ ರಿಂಗ್ ಹಾಕಿ, ಶಾಫ್ಟಿನ ವೋಲ್ಟೇಜ್ ಬೇರಿಂಗ್ ಬಿಟ್ಟು ಬ್ರಷ್ ಮೂಲಕ ಬಾಡಿಗೆ ಇಳಿಯುವಂತೆ ಮಾಡಿ. ಎರಡೂ ಕಡೆ ಇನ್ಸುಲೇಟೆಡ್ ಹಾಕಿ ಸುಮ್ಮನಿದ್ದರೆ ಕರೆಂಟ್ ಕಪ್ಲಿಂಗ್ ದಾಟಿ ಫ್ಯಾನಿನ ಪ್ಲಮರ್ ಬ್ಲಾಕಿಗೆ ಹೋಗುತ್ತದೆ, ಈಗ ಚೆನ್ನಾಗಿರುವುದೂ ಕೆಡುತ್ತದೆ.

ಕೇಬಲ್ ಯಾವುದು ಹಾಕಿದ್ದಾರೆ ನೋಡಿ. ಡ್ರೈವ್ ಬರುವ ಮೊದಲಿನ, ಗಾಳಿ ತಡೆಯುವ ಬಾಗಿಲಾದ ಡ್ಯಾಂಪರ್ ಕಾಲದ ಮಾಮೂಲಿ ಆರ್ಮರ್ಡ್ ಕೇಬಲ್ಲನ್ನೇ ಡ್ರೈವಿಗೂ ಜೋಡಿಸಿ, ಅರ್ಥಿಂಗಿಗೆ ಉದ್ದದ ಜಿಐ (ಸತು ಲೇಪದ ಕಬ್ಬಿಣ) ಪಟ್ಟಿ ಎಳೆದಿರುವ ಸಾಧ್ಯತೆ ಹೆಚ್ಚು. 50 ಹರ್ಟ್ಸ್‌ಗೆ ಆ ಪಟ್ಟಿ ಒಳ್ಳೆಯ ಅರ್ಥಿಂಗ್. ಡ್ರೈವಿನಿಂದ ಬರುವ ಲಕ್ಷಗಟ್ಟಲೆ ಹರ್ಟ್ಸ್‌ನ ಕರೆಂಟಿಗೆ ಅದು ಉದ್ದದ ಅಡ್ಡಗೋಡೆ. ಶೀಲ್ಡ್ ಇರುವ, ಮೂರೂ ಫೇಸಿಗೆ ಸಮವಾಗಿ ಅರ್ಥ್ ತಂತಿ ಹಂಚಿರುವ ವಿಎಫ್‌ಡಿ ಕೇಬಲ್ ಬೇಕು. ಶೀಲ್ಡನ್ನು ಎರಡೂ ತುದಿಯಲ್ಲಿ, ಕೇಬಲ್ ಒಳಹೋಗುವ ಗ್ಲ್ಯಾಂಡಿನ ಸುತ್ತ ಪೂರ್ತಿ ಹಿಡಿಸಬೇಕು. ಒಂದು ಎಳೆ ತಿರುಚಿ ಬೋಲ್ಟಿಗೆ ಸಿಕ್ಕಿಸಿದರೆ ಸಾಲದು. ಮೋಟರ್ ಬಾಡಿ ಮತ್ತು ಫ್ಯಾನಿನ ಬೇಸ್ ನಡುವೆ ಅಗಲವಾದ ಹೆಣೆದ ತಾಮ್ರದ ಪಟ್ಟಿ ಹಾಕಿಸಿ. ಡ್ರೈವಿನ ಸ್ವಿಚಿಂಗ್ ಫ್ರೀಕ್ವೆನ್ಸಿ ಬೇಕಿಲ್ಲದೆ ಏರಿಸಿಟ್ಟಿದ್ದರೆ ಡ್ರೈವ್ ಕಂಪನಿಯ ಸರ್ವಿಸ್ ಎಂಜಿನಿಯರನ್ನು ಕೇಳಿ ಇಳಿಸಿ. ಶಾಫ್ಟ್ ವೋಲ್ಟೇಜ್ ಅಳೆಯಲೂ ಅವರನ್ನೇ ಕರೆಸಿ. ಅದಕ್ಕೆ ಆಸಿಲೋಸ್ಕೋಪ್ ಬೇಕು, ಮಲ್ಟಿಮೀಟರ್ ಆ ವೇಗ ಹಿಡಿಯುವುದಿಲ್ಲ.

ಡ್ರೈವ್ ಕಿತ್ತು ಹಾಕುವ ಮಾತಿಗೆ ಮಾತ್ರ ಒಪ್ಪಬೇಡಿ. ಫ್ಯಾನ್ ಎಳೆಯುವ ಪವರ್ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ 80 ಶೇಕಡಕ್ಕೆ ಇಳಿದರೆ ಪವರ್ ಸುಮಾರು 51 ಶೇಕಡ. ಡ್ಯಾಂಪರ್ ಮುಚ್ಚಿ ಗಾಳಿ ಕಟ್ಟಿಹಾಕುವ ಕಾಲಕ್ಕೆ ಹಿಂದಿರುಗುವುದು ದುಬಾರಿ.

ಇನ್ನೊಂದು ಅನುಮಾನ ತೀರಿಸಿಕೊಳ್ಳಿ. ಬೂದಿ ಉಜ್ಜಿ ಐಡಿ ಫ್ಯಾನಿನ ಬ್ಲೇಡ್ ಸವೆಯುತ್ತದೆ, ಹಂಗಾಮಿನ ನಡುವೆ ಅಲ್ಲಿಗೇ ವೆಲ್ಡಿಂಗ್ ಹೊಡೆಯುತ್ತಾರೆ. ಆಗ ವೆಲ್ಡರ್ ಅರ್ಥ್ ಕ್ಲ್ಯಾಂಪನ್ನು ಎಲ್ಲಿ ಕಚ್ಚಿಸುತ್ತಾನೆ? ಕೈಗೆ ಸಿಕ್ಕ ಕಂಬಕ್ಕೋ ಮೋಟರ್ ಬೇಸಿಗೋ ಕಚ್ಚಿಸಿದರೆ ನೂರಾರು ಆಂಪಿಯರ್ ವೆಲ್ಡಿಂಗ್ ಕರೆಂಟ್ ಬ್ಲೇಡಿನ ಚಕ್ರವಾದ ಇಂಪೆಲ್ಲರಿನಿಂದ ಶಾಫ್ಟ್, ಬೇರಿಂಗ್ ಹಾದು ಹೋಗುತ್ತದೆ. ಒಂದೇ ದಿನದಲ್ಲಿ ಬೇರಿಂಗ್ ಹಾಳಾಗಲು ಇದೊಂದೇ ಸಾಕು. ಕ್ಲ್ಯಾಂಪ್ ಇಂಪೆಲ್ಲರ್ ಮೇಲೇ ಇರಬೇಕು, ವೆಲ್ಡ್ ಹೊಡೆಯುವ ಜಾಗಕ್ಕೆ ಕೈಯಳತೆಯಲ್ಲಿ. ವೆಲ್ಡಿಂಗ್ ಪರ್ಮಿಟ್ ಕಾಗದದಲ್ಲಿ ಇದನ್ನು ಒಂದು ಸಾಲಾಗಿ ಸೇರಿಸಿ ಸಹಿ ಮಾಡಿಸಿ.

ಇಷ್ಟೆಲ್ಲ ಎಲೆಕ್ಟ್ರಿಕಲ್ ಹೇಳಿದೆ ಎಂದು ಮೆಕ್ಯಾನಿಕಲ್ ಕಡೆಯವರು ಗೆದ್ದರು ಅಂದುಕೊಳ್ಳಬೇಡಿ. ಎರಡು ಕಾರಣ ಒಟ್ಟಿಗೇ ಇರುವುದು ಅಪರೂಪವೇನಲ್ಲ. ವೈಬ್ರೇಷನ್ ಅಳೆದು ಬರೆದಿಡಿ. ಮೋಟರ್ ಪೂರ್ತಿ ವೇಗಕ್ಕೆ ಹತ್ತಿರ 990 ಸುತ್ತಿನಲ್ಲಿದ್ದರೆ 16.5 ಹರ್ಟ್ಸ್‌ನಲ್ಲಿ ಏರಿದ್ದು ಬ್ಯಾಲೆನ್ಸ್ ಕಡೆಗೆ ಬೆರಳು ತೋರಿಸುತ್ತದೆ, ಅದರ ಎರಡರಷ್ಟರಲ್ಲಿ ಏರಿ ಅಕ್ಷದ ದಿಕ್ಕಿನಲ್ಲೂ ಜಾಸ್ತಿಯಿದ್ದರೆ ಅಲೈನ್‌ಮೆಂಟ್ ನೋಡಿ. ಯಂತ್ರ ನಿಲ್ಲಿಸುವ ಹೊತ್ತಿಗೆ ಒಂದು ಸರಳ ಪರೀಕ್ಷೆ ಇದೆ. ಡ್ರೈವನ್ನು ಕೋಸ್ಟ್ ಸ್ಟಾಪ್‌ನಲ್ಲಿಟ್ಟು (ಪವರ್ ಕಡಿದು ಮೋಟರ್ ತಾನಾಗಿ ಸುತ್ತಿ ನಿಲ್ಲಲು ಬಿಡುವುದು), ವೈಬ್ರೇಷನ್ ಮೀಟರಿನ ಮೇಲೆ ಕಣ್ಣಿಟ್ಟು ನಿಲ್ಲಿಸಿ. ಪವರ್ ಹೋದ ಕ್ಷಣಕ್ಕೇ ನಡುಕ ಥಟ್ಟನೆ ಬಿದ್ದರೆ ಅದು ಎಲೆಕ್ಟ್ರಿಕಲ್ ನಡುಕ. ವೇಗದ ಜೊತೆ ನಿಧಾನಕ್ಕೆ ಇಳಿದರೆ ಮೆಕ್ಯಾನಿಕಲ್. ಎರಡೂ ವಿಭಾಗದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ. ಡ್ರೈವ್ ಬಂದ ಮೇಲೆ ಫ್ಯಾನ್ ನಾನಾ ವೇಗದಲ್ಲಿ ಓಡುತ್ತದೆ, ಯಾವುದೋ ಒಂದು ವೇಗದಲ್ಲಿ ಬೇಸಿನ ಸ್ವಂತ ಕಂಪನಕ್ಕೆ ತಾಳ ಕೂಡಿ ನಡುಕ ಹೆಚ್ಚಾಗಬಹುದು. ಆ ವೇಗ ಕಂಡುಹಿಡಿದರೆ ಡ್ರೈವಿನಲ್ಲೇ ಅದನ್ನು ಹಾರಿಸುವ ಸೆಟ್ಟಿಂಗ್ ಇದೆ.

ಅಲೈನ್‌ಮೆಂಟ್ ಹೇಗೂ ತಣ್ಣಗಿರುವಾಗ ಮಾಡುತ್ತೀರಿ. ಐಡಿ ಫ್ಯಾನ್ ಎಳೆಯುವುದು ಬಿಸಿ ಹೊಗೆ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಒಂದು ಮೀಟರ್ ಎತ್ತರದ ಪೆಡೆಸ್ಟಲ್ 40 ಡಿಗ್ರಿ ಬಿಸಿಯಾದರೆ ಶಾಫ್ಟ್ ಅರ್ಧ ಮಿಲಿಮೀಟರಿನಷ್ಟು ಮೇಲೇಳುತ್ತದೆ. ತಣ್ಣಗಿದ್ದಾಗ ಸೊನ್ನೆಗೆ ತಂದಿಟ್ಟ ಅಲೈನ್‌ಮೆಂಟ್ ಬಿಸಿಯಲ್ಲಿ ಸೊನ್ನೆ ಇರುವುದಿಲ್ಲ. ಬಿಸಿಯಿರುವಾಗ ನಿಲ್ಲಿಸಿದ ಕೂಡಲೇ ಒಮ್ಮೆ ಅಳೆದು, ತಣ್ಣಗಿರುವಾಗ ಫ್ಯಾನಿನ ಶಾಫ್ಟನ್ನು ಮೋಟರಿನದಕ್ಕಿಂತ ಎಷ್ಟು ತಗ್ಗಿಸಿ ಇಡಬೇಕೆಂದು ತಿಳಿದುಕೊಳ್ಳಿ. ಮೋಟರಿನ ನಾಲ್ಕು ಕಾಲಲ್ಲಿ ಒಂದೊಂದೇ ಬೋಲ್ಟ್ ಸಡಿಲಿಸಿ ಡಯಲ್ ಗೇಜ್ ಇಟ್ಟು ನೋಡಿ. ಕಾಲು 0.05 ಮಿಲಿಮೀಟರಿಗಿಂತ ಹೆಚ್ಚು ಎದ್ದರೆ ಅಲ್ಲಿ ತೆಳು ತಗಡಿನ ಶಿಮ್ ಬೇಕು.

ಗ್ರೀಸಿನ ವಿಷಯ. ‘ಹೊಸ ಗ್ರೀಸ್ ಹೊರಗೆ ಬರುವ ತನಕ ಹೊಡಿ’ ಎಂಬುದು ನಮ್ಮ ಕಡೆಯ ಪದ್ಧತಿ. ಅದನ್ನು ಬಿಟ್ಟು ಅಳತೆ ಮಾಡಿ ಹಾಕಿ. ಲೆಕ್ಕ ಸುಲಭ: ಬೇರಿಂಗಿನ ಹೊರವ್ಯಾಸ, ಅಗಲ ಎರಡನ್ನೂ ಮಿಲಿಮೀಟರಿನಲ್ಲಿ ಗುಣಿಸಿ 0.005ರಿಂದ ಗುಣಿಸಿದರೆ ಗ್ರಾಮ್ ಸಿಗುತ್ತದೆ. 6319ಕ್ಕೆ ಹೊರವ್ಯಾಸ 200, ಅಗಲ 45, ಅಂದರೆ 45 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಗ್ರಾಂ ಕೊಡುತ್ತದೆ ಎಂದು ಸ್ಟೋರ್ಸಿನ ತಕ್ಕಡಿಯಲ್ಲಿ ತೂಗಿ ಗನ್ನಿನ ಮೇಲೇ ಬರೆದಿಡಿ. ಮೋಟರಿನವರು ಹೇಳಿದ ಗ್ರೀಸ್ ಒಂದು ಜಾತಿ, ಸ್ಟೋರ್ಸಿನ ಡ್ರಮ್ಮಿನಲ್ಲಿರುವುದು ಇನ್ನೊಂದು ಜಾತಿಯಾಗಿದ್ದರೆ ಎರಡೂ ಬೆರೆತು ನೀರಾಗಿ ಹರಿದುಹೋಗುವುದುಂಟು. ಹೊಸ ಬೇರಿಂಗ್ ಕೂರಿಸುವಾಗ ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿ ಸಾಕು.

ಈಗ ನಿಮ್ಮ ಎರಡನೇ ಪ್ರಶ್ನೆ, ಎಲೆಕ್ಟ್ರಿಕಲ್ ಎಲ್ಲಿಂದ ಕಲಿಯುವುದು.

ಪುಸ್ತಕದಿಂದ ಶುರು ಮಾಡಬೇಡಿ, ಡ್ರಾಯಿಂಗಿನಿಂದ ಶುರು ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪಂಪ್ ಆರಿಸಿ, ಅದರ ಪವರ್ ಮತ್ತು ಕಂಟ್ರೋಲ್ ಡ್ರಾಯಿಂಗ್ ಹಿಡಿದು ಸ್ವಿಚ್ ರೂಮಿನಿಂದ ಮೋಟರಿನ ತನಕ ನಿಮ್ಮ ಸೀನಿಯರ್ ಎಲೆಕ್ಟ್ರಿಷಿಯನ್ ಜೊತೆ ನಡೆಯಿರಿ. ಸ್ಟಾರ್ಟ್ ಬಟನ್ ಒತ್ತಿದರೆ ಯಾವ ಕಾಂಟ್ಯಾಕ್ಟರ್ ಎಳೆಯುತ್ತದೆ, ಓವರ್‌ಲೋಡ್ ರಿಲೇ ಟ್ರಿಪ್ ಆದರೆ ಯಾವ ತಂತಿ ಕಡಿಯುತ್ತದೆ, ಬೆರಳಿಟ್ಟು ತೋರಿಸಲಿ. ಒಂದು ಪಂಪ್ ಪೂರ್ತಿ ಅರ್ಥವಾದರೆ ಕಾರ್ಖಾನೆಯ ಅರ್ಧ ಅರ್ಥವಾಯಿತು. ಆಗ ನಿಮಗೇ ಕೆಲವು ತಪ್ಪು ಕಣ್ಣಿಗೆ ಬೀಳುತ್ತವೆ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ವೈಂಡಿಂಗಿನ ದಾರಿಯಲ್ಲಿ ಕೂತಿದ್ದರೆ ಅದನ್ನು ನೇಮ್‌ಪ್ಲೇಟ್ ಕರೆಂಟಿನ 58 ಶೇಕಡಕ್ಕೆ ಇಡಬೇಕು. ಪೂರ್ತಿ ಕರೆಂಟಿಗೆ ಇಟ್ಟ ರಿಲೇಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ಅಂಥ ರಿಲೇ ಮೋಟರ್ ಸುಟ್ಟರೂ ಟ್ರಿಪ್ ಆಗುವುದಿಲ್ಲ.

ಆಮೇಲೆ ಅಳೆಯುವುದು. ಟಾಂಗ್ ಟೆಸ್ಟರಿನಲ್ಲಿ ಮೂರು ಫೇಸಿನ ಕರೆಂಟ್ ಓದಿ. ನೇರ ಸಪ್ಲೈಯಲ್ಲಿ ಓಡುವ ಮೋಟರಿಗೆ ವೋಲ್ಟೇಜಿನಲ್ಲಿ 2 ಶೇಕಡ ಏರುಪೇರಿದ್ದರೂ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಏರುಪೇರು ಬರುತ್ತದೆ. ಆ ಹೆಚ್ಚಿನ ಕರೆಂಟ್ ಬಿಸಿಯಾಗುತ್ತದೆ, ಬಿಸಿ 10 ಡಿಗ್ರಿ ಹೆಚ್ಚಾದರೆ ವೈಂಡಿಂಗ್ ಇನ್ಸುಲೇಷನ್ನಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಿಸಿ, ಹಿಗ್ಗುವಿಕೆ, ಸವೆತ ನಿಮಗೆ ಕಾಲೇಜಿನಿಂದಲೇ ಗೊತ್ತಿರುವ ವಿಷಯ. ಎಲೆಕ್ಟ್ರಿಕಲ್ ಯಂತ್ರಗಳು ಕೆಡುವುದೂ ಬಹುಪಾಲು ಇವುಗಳಿಂದಲೇ, ಹಾಗಾಗಿ ನೀವು ಅಂದುಕೊಂಡಷ್ಟು ದೂರ ಇಲ್ಲ. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಯಲು ಕಲಿಯಿರಿ. ಡ್ರೈವಿಗೆ ಸೇರಿದ ಮೋಟರಾದರೆ ಕೇಬಲ್ ಬಿಚ್ಚಿ ಬೇರ್ಪಡಿಸದೆ ಮೆಗ್ಗರ್ ಹಾಕಬೇಡಿ, ಡ್ರೈವಿನ ಒಳಗಿನ ಸೆಮಿಕಂಡಕ್ಟರ್‌ಗಳು ಹೋಗುತ್ತವೆ.

ಒಂದು ಗೆರೆ ಮಾತ್ರ ದಾಟಬೇಡಿ. ತಿಳಿಯುವುದು ಬೇರೆ, ಪ್ಯಾನೆಲ್‌ಗೆ ಕೈ ಹಾಕುವುದು ಬೇರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ವಿದ್ಯುತ್ ಉಪಕರಣದ ಮೇಲೆ ಕೆಲಸ ಮಾಡುವವರು ಅದಕ್ಕೆ ನೇಮಿಸಲ್ಪಟ್ಟವರಾಗಿರಬೇಕು. ಮ್ಯಾನೇಜರ್ ಬಾಯಿಮಾತಿನಲ್ಲಿ ‘ಎರಡೂ ನೀನೇ’ ಅಂದರೆ ಆಗಲಿಲ್ಲ. ಡ್ರೈವ್ ಆಫ್ ಮಾಡಿದ ಮೇಲೂ ಅದರ ಕೆಪಾಸಿಟರುಗಳಲ್ಲಿ 560 ವೋಲ್ಟಿನ ಆಸುಪಾಸು ಡಿಸಿ ಉಳಿದಿರುತ್ತದೆ. ಬಾಗಿಲ ಮೇಲೆ ಬರೆದಷ್ಟು ನಿಮಿಷ ಕಾದು, ಅಳೆದು, ಸೊನ್ನೆ ಎಂದು ಖಚಿತವಾದ ಮೇಲೇ ಮುಂದಿನ ಮಾತು.

ಐಡಿ ಫ್ಯಾನಿಗೆ ಇನ್ನೊಂದು ಅಪಾಯವಿದೆ, ಅದನ್ನು ಎಲ್ಲ ಫಿಟ್ಟರ್‌ಗಳಿಗೂ ಕೂರಿಸಿ ಹೇಳಿ. ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟರೂ ಆ ಫ್ಯಾನ್ ತಿರುಗಬಹುದು. ಚಿಮಣಿಯ ಎಳೆತಕ್ಕೆ ಇಂಪೆಲ್ಲರ್ ತಾನೇ ಸುತ್ತುತ್ತದೆ. ಕಪ್ಲಿಂಗ್ ಬಿಚ್ಚುವವನ ಬೆರಳು, ಕೇಸಿಂಗಿನೊಳಗೆ ಇಳಿದವನ ಜೀವ ಎರಡಕ್ಕೂ ಇದು ಕುತ್ತು. ಡ್ಯಾಂಪರ್ ಮುಚ್ಚಿ, ಇಂಪೆಲ್ಲರನ್ನು ಕಟ್ಟಿ ನಿಲ್ಲಿಸಿದ ಮೇಲೆಯೇ ಒಳಗೆ ಬಿಡಿ. ಓಡುವ ಯಂತ್ರದ ಬಳಿಗೆ ತರಬೇತಿಯಾದವನೇ, ಮೈಗಂಟಿದ ಬಟ್ಟೆ ಹಾಕಿಯೇ ಹೋಗಬೇಕೆಂದು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿದ್ದರು. ಹೆಗಲ ಮೇಲಿನ ಟವೆಲ್ ಹಾಗೇ ಇಟ್ಟುಕೊಂಡು ಕಪ್ಲಿಂಗ್ ಪಕ್ಕ ಬಗ್ಗುವವರು ಇವತ್ತಿಗೂ ಇದ್ದಾರೆ. ಅವರನ್ನು ತಡೆಯುವುದು ಬೇರಿಂಗ್ ಬದಲಿಸುವುದಕ್ಕಿಂತ ಮೊದಲ ಕೆಲಸ.

ಹಂಗಾಮು ಮುಗಿದ ಮೇಲೆ ಬಹಳ ಕಾರ್ಖಾನೆಗಳಲ್ಲಿ ಮೋಟರುಗಳನ್ನು ಮರೆತುಬಿಡುತ್ತಾರೆ. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ರೋಟರ್, ಪಕ್ಕದಲ್ಲಿ ಓಡುವ ಇನ್ನೊಂದು ಯಂತ್ರದ ನಡುಕ ಸೇರಿ ಗುಂಡಿರುವ ಜಾಗದಲ್ಲೇ ಕುಳಿ ಬೀಳುತ್ತದೆ. ಮೇಲೆ ಬಿಡಿಬಿಡಿ ಕುಳಿ ಎಂದದ್ದು ಇದನ್ನೇ. ಎರಡು ವಾರಕ್ಕೊಮ್ಮೆ ಶಾಫ್ಟನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ ಬೇರೆ ಭಂಗಿಯಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಮೋಟರಿನೊಳಗಿನ ಸ್ಪೇಸ್ ಹೀಟರ್ ಆನ್ ಇರಲಿ. ಆಯುಧಪೂಜೆ ಹಂಗಾಮಿನ ಹೊಸ್ತಿಲಲ್ಲೇ ಬರುತ್ತದೆ. ಪೂಜೆ ಶ್ರದ್ಧೆಯಿಂದ ನಡೆಯಲಿ, ಯಂತ್ರಗಳನ್ನು ಮುಟ್ಟಿ ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಪೈಪ್ ಹಿಡಿದು ಮೋಟರಿಗೂ ಪ್ಯಾನೆಲ್‌ಗೂ ನೀರು ಬಿಡುವುದನ್ನು ಮಾತ್ರ ನಿಲ್ಲಿಸಿ, ಒಣಬಟ್ಟೆಯಲ್ಲಿ ಒರೆಸಲಿ. ನೀರು ಕುಡಿದ ವೈಂಡಿಂಗಿಗೆ ಮೆಗ್ಗರ್ ಹಾಕದೆ ಸ್ವಿಚ್ ಒತ್ತಿದರೆ ಹಂಗಾಮಿನ ಮೊದಲ ದಿನವೇ ಮೋಟರ್ ರಿವೈಂಡಿಂಗಿಗೆ ಹೋಗುತ್ತದೆ. ಈ ಗಾತ್ರದ ಎಲ್‌ಟಿ (ಕಡಿಮೆ ವೋಲ್ಟೇಜಿನ) ಮೋಟರಿಗೆ ಕನಿಷ್ಠ 5 ಮೆಗಾಓಮ್ ಬರಬೇಕು, ಒಳ್ಳೆಯ ವೈಂಡಿಂಗಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಬರುತ್ತದೆ.

ಒಬ್ಬ ವ್ಯಕ್ತಿಯನ್ನು ಹತ್ತಿರ ಮಾಡಿಕೊಳ್ಳಿ: ಪಾಳಿಯಲ್ಲಿ ಎಣ್ಣೆಕ್ಯಾನ್ ಹಿಡಿದು ಸುತ್ತುವ ಆಯಿಲರ್. ‘ಸಾಹೇಬ್ರ, ನಿನ್ನಿಂದ ಐಡಿ ಫ್ಯಾನಿಂದು ಸಪ್ಪಳ ಬ್ಯಾರೆ ಬರಾಕತ್ತೈತ್ರೀ’ ಅಂತ ಆತ ಅಂದರೆ ಆ ಗಳಿಗೆಯಲ್ಲೇ ಎದ್ದು ಹೋಗಿ. ಫ್ಲೂಟಿಂಗ್ ಶುರುವಾದ ಬೇರಿಂಗ್ ಒಂದೇ ಸಮನೆ ಊಳಿಡುತ್ತದೆ, ವೇಗ ಬದಲಾದರೆ ರಾಗವೂ ಬದಲಾಗುತ್ತದೆ. ದಿನವೂ ಅದರ ಪಕ್ಕ ಹಾಯುವವನ ಕಿವಿಗೆ ಅದು ಬೇಗ ಗೊತ್ತಾಗುತ್ತದೆ. ಆತ ಹೇಳಿದ್ದನ್ನು ಹೆಸರು ಹಾಕಿ ಲಾಗ್ ಬುಕ್ಕಿನಲ್ಲಿ ಬರೆಯಿರಿ. ಮರುದಿನದಿಂದ ಬೇರೆಯವರೂ ಬಂದು ಹೇಳುತ್ತಾರೆ.

ಲಾಗ್ ಬುಕ್ ಅಂದದ್ದಕ್ಕೆ ಒಂದು ಮಾತು. ‘ಬೇರಿಂಗ್ ಹೋಗಿತ್ತು, ಬದಲಿಸಲಾಯಿತು’ ಎಂದು ಬರೆದರೆ ಬರೆಯದೇ ಇದ್ದ ಹಾಗೆಯೇ. ಹೀಗೆ ಬರೆಯಿರಿ: ‘ಐಡಿ ಫ್ಯಾನ್ ಮೋಟರ್, ಹಿಂಬದಿ ಬೇರಿಂಗ್. ಕೂರಿಸಿದ ದಿನದಿಂದ ಓಡಿದ ಗಂಟೆ ಇಷ್ಟು. ಔಟರ್ ರೇಸ್ ಸುತ್ತಲೂ ಅಡ್ಡಗೆರೆ, ಗುಂಡು ಮಂಕು, ಗ್ರೀಸ್ ಕಪ್ಪು. ಫೋಟೋ ತೆಗೆದಿದೆ. ಬೇರಿಂಗ್ ಕಪಾಟಿನಲ್ಲಿದೆ. ಬಿಚ್ಚುವ ಮುನ್ನ ವೈಬ್ರೇಷನ್ ಇಷ್ಟು, ಹೊಸದು ಹಾಕಿದ ಮೇಲೆ ಇಷ್ಟು. ಇದರ ಹಿಂದೆ ವೆಲ್ಡಿಂಗ್ ಆದ ದಿನ ಇಂಥದು.’ ಇಂಥ ನಾಲ್ಕು ನಮೂದುಗಳಿದ್ದರೆ ಐದನೆಯ ಬ್ರೇಕ್‌ಡೌನ್ ಬಹುಶಃ ಬರುವುದೇ ಇಲ್ಲ.

ಇನ್ನು ಭವಿಷ್ಯದ ಮಾತು. ಸಾಫ್ಟ್‌ವೇರ್ ಸೇರಿದ ಗೆಳೆಯರ ಮೊದಲ ವರ್ಷಗಳ ಸಂಬಳ ನಿಮ್ಮದಕ್ಕಿಂತ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಹಂಗಾಮಿನಲ್ಲಿ ಹಬ್ಬ, ಮದುವೆ, ನಿದ್ದೆ ಎಲ್ಲಕ್ಕೂ ಕತ್ತರಿ ಬೀಳುವುದೂ ನಿಜ. ಅದನ್ನು ಮುಚ್ಚಿಟ್ಟು ಹುರಿದುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಫಿಟ್ಟಿಂಗ್ ಗೊತ್ತಿರುವವರು ಬೇಕಾದಷ್ಟಿದ್ದಾರೆ, ಪ್ಯಾನೆಲ್ ಗೊತ್ತಿರುವವರೂ ಇದ್ದಾರೆ, ಎರಡರ ನಡುವೆ ನಿಂತು ಕಾರಣ ಹೇಳಬಲ್ಲವರು ಪ್ರತಿ ಕಾರ್ಖಾನೆಯಲ್ಲೂ ಕಡಿಮೆ. ಸಕ್ಕರೆ, ಸಿಮೆಂಟ್, ಉಕ್ಕು, ಕಾಗದ, ಔಷಧ, ಯಾವ ಕಾರ್ಖಾನೆಗೆ ಹೋದರೂ ಮೋಟರ್, ಫ್ಯಾನ್, ಪಂಪ್, ಗೇರ್‌ಬಾಕ್ಸ್ ಇವೇ. ಇಲ್ಲಿ ಕಲಿತದ್ದು ಬಳ್ಳಾರಿಯಲ್ಲೂ ನಡೆಯುತ್ತದೆ, ಕೊಲ್ಲಿ ದೇಶಗಳಲ್ಲೂ ನಡೆಯುತ್ತದೆ.

ಪ್ರಮಾಣಪತ್ರ ಬೇಕೆಂದರೆ ನಿಮಗೆ ಹೊಂದುವಂಥ ಮೂರು ಹೇಳುತ್ತೇನೆ. ಬಾಯ್ಲರ್ ಆಪರೇಷನ್ ಎಂಜಿನಿಯರ್ ಪರೀಕ್ಷೆ, ಬಾಯ್ಲರ್ ಇರುವ ಯಾವ ಕಾರ್ಖಾನೆಯಲ್ಲೂ ಇದಕ್ಕೆ ಬೆಲೆ ಇದೆ, ನೀವು ಈಗಲೇ ಬಾಯ್ಲರ್ ಪಕ್ಕದಲ್ಲಿದ್ದೀರಿ. ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿಯ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆ, ಇದಕ್ಕೆ ಓದಿದರೆ ಮೆಕ್ಯಾನಿಕಲ್ ಎಲೆಕ್ಟ್ರಿಕಲ್ ಎರಡೂ ಒಟ್ಟಿಗೆ ಓದಿದಂತಾಗುತ್ತದೆ. ಐಎಸ್‌ಒ 18436 ಪ್ರಕಾರದ ವೈಬ್ರೇಷನ್ ಅನಲಿಸ್ಟ್, ನಾಲ್ಕು ಹಂತಗಳಿವೆ, ಮೊದಲೆರಡು ಸಾಕು. ಮೂರರಲ್ಲಿ ಮೊದಲು ಯಾವುದು ಎಂದರೆ ನಾನು ಎನರ್ಜಿಯದನ್ನೇ ಹೇಳುತ್ತೇನೆ. ಸಕ್ಕರೆ ರಂಗದಲ್ಲೇ ನೆಲೆ ನಿಲ್ಲುವುದಾದರೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ನಿಮಗೆ ಹತ್ತಿರದಲ್ಲೇ ಇದೆ, ಅಲ್ಲಿನ ತರಬೇತಿಗಳನ್ನು ವಿಚಾರಿಸಿ.

ಈಗ ಮ್ಯಾನೇಜರ್ ಬಳಿ ಹೋಗಿ. ಬರಿಗೈಲಿ ಹೋಗಬೇಡಿ, ತೊಳೆದ ಬೇರಿಂಗ್ ರಿಂಗ್ ಮತ್ತು ಒಂದು ಹಾಳೆ ಇರಲಿ. ಹಾಳೆಯಲ್ಲಿ ಮೂರು ಸಲ ಫ್ಯಾನ್ ನಿಂತ ಒಟ್ಟು ಗಂಟೆ ಬರೆಯಿರಿ. ನಿಮ್ಮ ಕಾರ್ಖಾನೆ ಗಂಟೆಗೆ 200 ಟನ್ನಿಗೂ ಹೆಚ್ಚು ಕಬ್ಬು ನುರಿಸುತ್ತದೆ, ಬಾಯ್ಲರ್ ತಗ್ಗಿದಷ್ಟು ಹೊತ್ತು ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ, ಕಡಿದ ಕಬ್ಬು ಬಿಸಿಲಿಗೆ ಒಣಗಿ ರೈತನ ತೂಕವೂ ನಿಮ್ಮ ಸಕ್ಕರೆಯೂ ಎರಡೂ ಇಳಿಯುತ್ತವೆ. ಅದರ ಕೆಳಗೆ ಇನ್ಸುಲೇಟೆಡ್ ಬೇರಿಂಗ್, ಗ್ರೌಂಡಿಂಗ್ ರಿಂಗ್, ವಿಎಫ್‌ಡಿ ಕೇಬಲ್, ಗ್ಲ್ಯಾಂಡ್ ಇವುಗಳ ಕೊಟೇಷನ್ ಮೊತ್ತ ಬರೆಯಿರಿ. ಇನ್ಸುಲೇಟೆಡ್ ಬೇರಿಂಗ್ ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ತರಿಸಲು ವಾರಗಳೇ ಹಿಡಿಯಬಹುದು, ಆದ್ದರಿಂದ ಹಂಗಾಮು ನಿಂತ ತಿಂಗಳಲ್ಲೇ ಆರ್ಡರ್ ಹೋಗಬೇಕು ಎಂದು ದಿನಾಂಕ ಹಾಕಿ ಕೇಳಿ. ಜೊತೆಗೆ ಎಲೆಕ್ಟ್ರಿಕಲ್ ಕೆಲಸಕ್ಕೆ ಯಾರು ಅಧಿಕೃತರು, ನಿಮ್ಮ ಪಾತ್ರ ಎಲ್ಲಿಯ ತನಕ ಎಂಬುದನ್ನೂ ಲಿಖಿತವಾಗಿ ಕೇಳಿ ಪಡೆಯಿರಿ. ಬೇರಿಂಗ್ ಬಿಚ್ಚಿದಾಗ ಅಡ್ಡಗೆರೆ ಕಾಣದೆ ಬೇರೇನಾದರೂ ಕಂಡರೆ ಫೋಟೋ ತೆಗೆದು ಕಳಿಸಿ. ಮೇಲ್ಭಾಗದ ಗುರುತು ಫೋಟೋದಲ್ಲಿ ಕಾಣಲಿ.